ಓಮ್ನಿಯ ಇಂಜಿನ್ ಬದಲಿಸಿದ ಎಪ್ಪತ್ತು ದಿನ: ಸ್ಪ್ಯಾನರ್ ಹಿಡಿಯುವ ಮೊದಲು ಆರ್‌ಸಿ ತೆಗೆದು ನೋಡಿ

ಗಾಡಿ: ಮಾರುತಿ ಓಮ್ನಿ, 2012ರ ಮಾಡೆಲ್, ಪೆಟ್ರೋಲ್, 796 ಸಿಸಿ, ಶಿರಸಿಯ ಕೆಎ 31 ನೋಂದಣಿ. ಓಡಿದ್ದು 1,38,000 ಕಿಲೋಮೀಟರ್. ಕೆಲಸ: ಹಾಳಾದ ಇಂಜಿನ್ ತೆಗೆದು ಅದೇ ಜಾತಿಯ ಹಳೇ ಇಂಜಿನ್ ಕೂರಿಸುವುದು. ಬಿಚ್ಚಿ ಕೂರಿಸಲು ಐದು ದಿನ ಸಾಕಾಯಿತು. ಉಳಿದ ದಿನಗಳೆಲ್ಲ ಕಾಗದಕ್ಕೆ ಮತ್ತು ನಾನು ಮಾಡಿದ ತಪ್ಪುಗಳಿಗೆ ಹೋದವು. ಆ ತಪ್ಪುಗಳನ್ನು ಬರೆದಿಡಬೇಕು ಅನ್ನಿಸಿತು. ಅದರಲ್ಲಿ ಎರಡು ಜೀವಕ್ಕೇ ಬರುವಂಥವು.

ಅಕ್ಟೋಬರ್ 12, 2025

ಕುಮಟಾದಿಂದ ವಾಪಸ್ ಬರುತ್ತಿದ್ದೆ. ಹಿಂದೆ ಎಂಟು ಚೀಲ ಗೊಬ್ಬರ. ದೇವಿಮನೆ ಘಟ್ಟದ ಅರ್ಧದಲ್ಲಿ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಯಿತು. ಮುಂದಿನ ತಿರುವಿನಲ್ಲಿ ಜಾಗ ಇದೆ, ಅಲ್ಲಿ ನಿಲ್ಲಿಸೋಣ ಅಂದುಕೊಂಡೆ. ಹಾಗೆ ಎರಡು ತಿರುವು ದಾಟಿದೆ. ಅಷ್ಟರಲ್ಲಿ ಸೈಲೆನ್ಸರ್‌ನಿಂದ ಬಿಳಿ ಹೊಗೆ, ಎಳೆತ ಇಲ್ಲ. ರೇಡಿಯೇಟರ್‌ನ ಕೆಳಗಿನ ಹೋಸ್ ಬಿರುಕು ಬಿಟ್ಟು ನೀರೆಲ್ಲ ದಾರಿಯಲ್ಲೇ ಸೋರಿ ಹೋಗಿತ್ತು. ಆ ಹೋಸ್‌ನ ಬೆಲೆ ಮುನ್ನೂರು ರೂಪಾಯಿಯೂ ಇಲ್ಲ. ಮುಳ್ಳು ಏರಿದ ಕ್ಷಣವೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಅಕ್ಟೋಬರ್ 14

ಊರಿನ ಗ್ಯಾರೇಜಿನ ಅಣ್ಣ ಮನೆಗೇ ಬಂದರು. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಾಕಿ ನೋಡಿದೆವು. ಮೂರು ಸಿಲಿಂಡರ್‌ಗಳಲ್ಲಿ 11, 5, 10.5 ಕೆಜಿ. ಹೆಡ್ ಬಿಚ್ಚಿದಾಗ ಗ್ಯಾಸ್ಕೆಟ್ ಸುಟ್ಟಿತ್ತು. ಹೆಡ್ ಬಾಗಿತ್ತು. ನಡುವಿನ ಸಿಲಿಂಡರ್‌ನ ಗೋಡೆಯಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು. ಬೋರಿಂಗ್ (ಸಿಲಿಂಡರ್ ಗೋಡೆ ಕೊರೆದು ನಯ ಮಾಡುವುದು), ಪಿಸ್ಟನ್, ಹೆಡ್ ಕೆಲಸ ಎಲ್ಲ ಸೇರಿ 32,000 ರೂಪಾಯಿ ಆಗಬಹುದು ಅಂದರು. ಹಳೇ ಇಂಜಿನ್ ಸಿಕ್ಕರೆ 15ರಿಂದ 18 ಸಾವಿರ. ನಾನು ಹಳೇ ಇಂಜಿನ್ ಕಡೆ ವಾಲಿದೆ.

ಇಲ್ಲೇ ಒಂದು ಮಾತು. ಇಂಜಿನ್ ನಂಬರ್ ಇರುವುದು ಬ್ಲಾಕ್ ಮೇಲೆ, ಅಂದರೆ ಸಿಲಿಂಡರ್‌ಗಳಿರುವ ಇಂಜಿನ್ನಿನ ಮುಖ್ಯ ದೇಹದ ಮೇಲೆ. ಹೆಡ್, ಪಿಸ್ಟನ್, ಕ್ರ್ಯಾಂಕ್ ಏನು ಬದಲಿಸಿದರೂ ನಂಬರ್ ಅದೇ ಇರುತ್ತದೆ, ಆರ್‌ಸಿ ಮುಟ್ಟಬೇಕಾಗಿಲ್ಲ. ಬ್ಲಾಕ್ ಬದಲಾದರೆ ಮಾತ್ರ ಎಲ್ಲ ಕಾಗದವೂ ಬದಲಾಗಬೇಕು. ಬೋರಿಂಗ್ ಮಾಡಿಸಿದ್ದರೆ ಈ ಓಡಾಟ ಇರುತ್ತಿರಲಿಲ್ಲ. ಆಗ ನನಗೆ ಇದು ಹೊಳೆಯಲಿಲ್ಲ.

ಅಕ್ಟೋಬರ್ 16ರಿಂದ 18: ಈಕೋ ಇಂಜಿನ್ ಹಾಕುವ ಆಸೆ

ಹೇಗೂ ಬದಲಿಸುತ್ತೇವೆ, ಮಾರುತಿಯದೇ ಇನ್ನೊಂದು ವ್ಯಾನ್ ಈಕೋದ ಇಂಜಿನ್ನೇ ಹಾಕಿದರೆ ಹೇಗೆ? 1,196 ಸಿಸಿ, 70 ದಾಟಿದ ಹಾರ್ಸ್‌ಪವರ್. ಓಮ್ನಿಯದು ಅದರ ಅರ್ಧ. ಘಟ್ಟದಲ್ಲಿ ಗೇರು ಇಳಿಸುತ್ತ ಕೂರುವ ಕಷ್ಟ ತಪ್ಪುತ್ತದೆ ಅಂತ ಮನಸ್ಸು ಎಳೆಯಿತು. ಗ್ಯಾರೇಜಿನ ಅಣ್ಣ ಇಂಜಿನ್ ಹಿಡಿದಿಡುವ ಮೌಂಟಿಂಗ್ ವೆಲ್ಡ್ ಮಾಡಿ ಕೂರಿಸಲು ತಯಾರಿದ್ದರು.

ಮೊದಲು ಅಳತೆ ಹಿಡಿದೆ. ನನ್ನ ಗಾಡಿಯ ಟೈರು 12 ಇಂಚಿನ ರಿಮ್ಮಿನದು, 145 ಅಗಲ. ಈಕೋಗೆ 13 ಇಂಚು, 155 ಅಗಲ. ಓಮ್ನಿಯ ಬ್ರೇಕು, ಹಿಂದಿನ ಆಕ್ಸೆಲ್, ಪ್ರೊಪೆಲ್ಲರ್ ಶಾಫ್ಟ್ ಎಲ್ಲ ಲೆಕ್ಕ ಹಾಕಿ ಮಾಡಿದ್ದು 796 ಸಿಸಿಗೆ. ಶಕ್ತಿ ಇಮ್ಮಡಿ ಆದರೆ ಹತ್ತುವಾಗ ಖುಷಿ, ನಿಜ. ಇಳಿಯುವಾಗ ಅದೇ ಸಣ್ಣ ಬ್ರೇಕು ಜಾಸ್ತಿ ಭಾರವನ್ನು, ಜಾಸ್ತಿ ವೇಗವನ್ನು ಹಿಡಿಯಬೇಕಲ್ವಾ? ವೆಲ್ಡ್ ಮಾಡಿದ ಮೌಂಟು ಘಟ್ಟದಲ್ಲಿ ಬಿಟ್ಟುಕೊಂಡರೆ ಇಂಜಿನ್ ಜೊತೆ ಕ್ಲಚ್, ಗೇರು, ಶಾಫ್ಟ್ ಎಲ್ಲ ಅಲುಗಾಡುತ್ತವೆ.

ಆಮೇಲೆ ಕಾನೂನು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನಲ್ಲಿ ಸರಳ ಮಾತಿದೆ. ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಗಾಡಿ ಬದಲಿಸಬಾರದು. ಆರ್‌ಸಿಯಲ್ಲಿ 796 ಸಿಸಿ ಅಂತಿದೆ, ಒಳಗೆ 1,196 ಕೂತರೆ ಅದು ವ್ಯತ್ಯಾಸವೇ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಮು ಬಂತು. ಅನುಮತಿ ಇಲ್ಲದ ಬದಲಾವಣೆ ಮಾಡಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ.

ನನ್ನನ್ನು ನಿಜವಾಗಿ ತಡೆದಿದ್ದು ದಂಡ ಅಲ್ಲ, ಇನ್ಶೂರೆನ್ಸ್. ಥರ್ಡ್ ಪಾರ್ಟಿ ಪ್ರೀಮಿಯಂ ನಿಗದಿ ಆಗುವುದೇ ಸಿಸಿ ನೋಡಿ. 2022ರ ಜೂನ್‌ನಿಂದ ಜಾರಿಗೆ ಬಂದ ದರದಲ್ಲಿ 1,000 ಸಿಸಿ ಒಳಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1,000ದಿಂದ 1,500 ಸಿಸಿವರೆಗೆ 3,416. ಸಣ್ಣ ಇಂಜಿನ್ನಿನ ದುಡ್ಡು ಕಟ್ಟಿ ದೊಡ್ಡ ಇಂಜಿನ್ ಓಡಿಸಿ, ಘಟ್ಟದಲ್ಲಿ ಬೈಕಿನವನಿಗೆ ತಾಗಿತು ಅಂತಿಟ್ಟುಕೊಳ್ಳಿ. ಇನ್ಶೂರೆನ್ಸ್ ಕಂಪನಿ ತಕರಾರು ತೆಗೆದರೆ ಪರಿಹಾರಕ್ಕೆ ಅಡಿಕೆ ತೋಟವನ್ನೇ ಮಾರಬೇಕಾಗುತ್ತದೆ. ಈಕೋ ಆಸೆ ಅಲ್ಲಿಗೆ ಬಿಟ್ಟೆ.

ಅಕ್ಟೋಬರ್ 25: ಮೊದಲ ಇಂಜಿನ್, ಹೋದ ಮೂರು ಸಾವಿರ

ದೊಡ್ಡಹಬ್ಬ (ದೀಪಾವಳಿ) ಮುಗಿಸಿ ಹುಬ್ಬಳ್ಳಿಗೆ ಹೋದೆವು. ಒಂದು ಗುಜರಿ ಅಂಗಡಿಯಲ್ಲಿ ಓಮ್ನಿ ಇಂಜಿನ್ ಇತ್ತು. 14,000 ಹೇಳಿದರು. ಕೈಯಲ್ಲಿ ತಿರುಗಿಸಿದರೆ ಚೆನ್ನಾಗಿ ತಿರುಗುತ್ತಿತ್ತು. ನಾನು 3,000 ಮುಂಗಡ ಕೊಟ್ಟುಬಿಟ್ಟೆ. ಆಮೇಲೆ ಬಟ್ಟೆ ತಗೊಂಡು ನಂಬರ್ ಇರುವ ಜಾಗ ಒರೆಸಿದೆ. ಗ್ರೈಂಡರ್ ಹಿಡಿದು ಉಜ್ಜಿದ ಗುರುತು! ಮೊದಲ ಮೂರು ಅಕ್ಷರ ಬಿಟ್ಟರೆ ಏನೂ ಉಳಿದಿರಲಿಲ್ಲ. ಬಿಲ್ ಕೇಳಿದರೆ ಬಿಳಿ ಚೀಟಿ ಕೊಡುತ್ತೇವೆ ಅಂದರು.

"ಭಟ್ರೇ, ನಂಬರ್ ಯಾರು ಬಗ್ಗಿ ನೋಡ್ತಾರೆ ಮಾರಾಯ್ರೆ, ನಿಮ್ಮ ಹಳೇ ನಂಬರ್ರೇ ಪಂಚ್ ಮಾಡಿಸಿಬಿಡಿ" ಅಂದರು ಅಲ್ಲಿದ್ದ ಒಬ್ಬರು. ನಮ್ಮ ಗ್ಯಾರೇಜಿನ ಅಣ್ಣನೂ ಸುಮ್ಮನಿದ್ದರು. ನಂಬರ್ ಉಜ್ಜಿದ ಇಂಜಿನ್ ಅಂದರೆ ಕದ್ದ ಗಾಡಿಯದು ಇರಬಹುದು ಅಂತಲೇ ಲೆಕ್ಕ. ಗೊತ್ತಿದ್ದೂ ಕದ್ದ ಮಾಲು ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲಿದೆ. ಅದರ ಮೇಲೆ ನಾನೇ ನಂಬರ್ ಹೊಡೆಸಿದರೆ ಅದು ಇನ್ನೊಂದು ಅಪರಾಧ. ಮುಂಗಡ ವಾಪಸ್ ಕೊಡಲಿಲ್ಲ. ಬಿಟ್ಟು ಬಂದೆ.

ದುಡ್ಡು ತೆಗೆಯುವ ಮೊದಲು ಬಟ್ಟೆ ತೆಗೆದು ನಂಬರ್ ಒರೆಸಿ ನೋಡಿ. ನಾನು ಉಲ್ಟಾ ಮಾಡಿದೆ.

ನವೆಂಬರ್ 3: ಅಂಕೋಲೆಯ ಇಂಜಿನ್

ಅಂಕೋಲೆ ಕಡೆಯ ಪರಿಚಯದವರ ಓಮ್ನಿ ಹಿಂದಿನಿಂದ ಲಾರಿ ಗುದ್ದಿ ಪೂರ್ತಿ ನುಜ್ಜಾಗಿತ್ತು. ಇಂಜಿನ್ ಮುಂದಿನ ಸೀಟಿನ ಕೆಳಗೆ ಇರುವುದರಿಂದ ಅದಕ್ಕೆ ಏನೂ ಆಗಿರಲಿಲ್ಲ. ಓಡಿದ್ದು 61,000 ಕಿಲೋಮೀಟರ್. ಕಂಪ್ರೆಶನ್ 12, 11.8, 12. ಬೆಲೆ 16,500.

ಈ ಸಲ ಮೊದಲು ನಂಬರ್. ಒರೆಸಿ, ಫೋಟೋ ತೆಗೆದು, ಅವರ ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿದೆ. ಎನ್‌ಸಿಆರ್‌ಬಿಯ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ವಾಹನ್ ಸಮನ್ವಯ್ ಸೇವೆಯಲ್ಲಿ ಇಂಜಿನ್ ನಂಬರ್ ಹಾಕಿ ಕಳವಿನ ದೂರು ಇಲ್ಲ ಅಂತ ಖಚಿತ ಮಾಡಿಕೊಂಡೆ. ಮಾರಾಟದ ರಸೀದಿ ಬರೆಸಿಕೊಂಡೆ: ಇಬ್ಬರ ಹೆಸರು, ವಿಳಾಸ, ಇಂಜಿನ್ ನಂಬರ್, ಅವರ ಗಾಡಿ ನಂಬರ್, ಮೊತ್ತ, ತಾರೀಕು, ಸಹಿ. ದುಡ್ಡು ಬ್ಯಾಂಕಿನಿಂದ ಬ್ಯಾಂಕಿಗೆ. ಗೂಡ್ಸ್ ರಿಕ್ಷಾದಲ್ಲಿ ಶಿರಸಿಗೆ ತರಲು 2,500.

ನವೆಂಬರ್ 6ರಿಂದ 26: ಕಾಗದ

ಗ್ಯಾರೇಜಿನ ಅಣ್ಣನ ವಾದ ಇದಾಗಿತ್ತು: "ಬಸ್ಸಿನವರು ಕೇಳದೇ ಇಂಜಿನ್ ಬದಲಿಸ್ತಾರಲ್ಲ, ನಮಗೆಂತಕ್ಕೆ?" ಅವರು ಹೇಳಿದ್ದರಲ್ಲಿ ಅರ್ಧ ನಿಜ. 52ನೇ ಕಲಮಿನ ಎರಡನೇ ಭಾಗದಲ್ಲಿ, ಹತ್ತು ಅಥವಾ ಜಾಸ್ತಿ ಸಾರಿಗೆ ವಾಹನ ಇರುವ ಮಾಲೀಕರಿಗೆ ಅದೇ ಕಂಪನಿಯ ಅದೇ ಮಾದರಿ ಇಂಜಿನ್ ಬದಲಿಸಿಕೊಳ್ಳಲು ರಾಜ್ಯ ಸರ್ಕಾರ ಅಧಿಕಾರ ಕೊಡಬಹುದು ಅಂತಿದೆ. ಅವರೂ ಆಮೇಲೆ ಕಚೇರಿಗೆ ತಿಳಿಸಲೇಬೇಕು, ಹದಿನಾಲ್ಕು ದಿನದ ಒಳಗೆ. ಒಂದು ಓಮ್ನಿ ಇಟ್ಟುಕೊಂಡ ನನಗೆ ಆ ರಿಯಾಯಿತಿ ಇಲ್ಲ. ಆದ್ದರಿಂದ ಮೊದಲು ಅನುಮತಿ, ಆಮೇಲೆ ಕೆಲಸ ಅಂತ ತೀರ್ಮಾನಿಸಿದೆ.

ಸಾರಿಗೆ ಸೇವೆಗಳ ಸರ್ಕಾರಿ ತಾಣ ಪರಿವಾಹನ್‌ನಲ್ಲಿ ವಾಹನ ಬದಲಾವಣೆಯ ಅರ್ಜಿ ಹಾಕಿದೆ. ಎರಡು ಕಡೆ ಸಿಕ್ಕಿಬಿದ್ದೆ.

ಮೊದಲನೆಯದು ನನ್ನದೇ ತಪ್ಪು. ಗಾಡಿ ತಗೊಳ್ಳುವಾಗ ಸಾಲ ಮಾಡಿದ್ದೆ. 2017ರಲ್ಲೇ ಸಾಲ ತೀರಿತು. ಬ್ಯಾಂಕಿನವರು ಎನ್‌ಓಸಿ (ನಿರಾಕ್ಷೇಪಣಾ ಪತ್ರ) ಕೊಟ್ಟಿದ್ದರು. ಅದನ್ನು ಕಪಾಟಿನಲ್ಲಿಟ್ಟು ಮರೆತಿದ್ದೆ. ಆರ್‌ಸಿಯಲ್ಲಿ ಈಗಲೂ ಬ್ಯಾಂಕಿನ ಹೆಸರು! ಸಾಲ ಇರುವ ಗಾಡಿಗೆ ಸಾಲ ಕೊಟ್ಟವರ ಒಪ್ಪಿಗೆ ಇಲ್ಲದೆ ಬದಲಾವಣೆ ಆಗುವುದಿಲ್ಲ. ಎಂಟು ವರ್ಷದ ಹಳೇ ಎನ್‌ಓಸಿ ನಡೆಯಲಿಲ್ಲ. ಹೊಸದು ತಂದು, ಫಾರ್ಮ್ 35 ತುಂಬಿ, ಆ ಹೆಸರು ತೆಗೆಸಿದೆ. ಹನ್ನೊಂದು ದಿನ ಹೋಯಿತು. ಇದನ್ನು ಓದುತ್ತಿರುವ ನೀವು ಸಾಲ ತೀರಿಸಿದ್ದರೆ ಇವತ್ತೇ ಆರ್‌ಸಿ ತೆಗೆದು ನೋಡಿ.

ಎರಡನೆಯದು ಅಂಕೋಲೆಯ ಗಾಡಿಯ ನೋಂದಣಿ. ಅದು ಇನ್ನೂ ಜೀವಂತ ಇತ್ತು. ಒಂದೇ ಇಂಜಿನ್ ನಂಬರ್ ಎರಡು ಆರ್‌ಸಿಯಲ್ಲಿ ಕೂರುವುದಿಲ್ಲ. ಗಾಡಿ ಪೂರ್ತಿ ಹಾಳಾದರೆ ಮಾಲೀಕರು ಹದಿನಾಲ್ಕು ದಿನದಲ್ಲಿ ತಿಳಿಸಿ ಆರ್‌ಸಿ ಒಪ್ಪಿಸಬೇಕು ಅಂತ 55ನೇ ಕಲಮು ಹೇಳುತ್ತದೆ. ಅವರು ಮಾಡಿರಲಿಲ್ಲ, ನಾನೂ ಕೇಳಿರಲಿಲ್ಲ. ಪುಣ್ಯಕ್ಕೆ ಒಳ್ಳೆಯವರು. ಚಾಸಿಸ್ ನಂಬರಿನ ತುಂಡು, ಆರ್‌ಸಿ ಹಿಡಿದು ತಾವೇ ಹೋಗಿ ನೋಂದಣಿ ರದ್ದು ಮಾಡಿಸಿ, ಅದರ ಪ್ರತಿ ಕಳಿಸಿದರು. ಇಂಜಿನ್ ಕೊಳ್ಳುವಾಗಲೇ ಆ ರದ್ದತಿ ಪತ್ರ ಕೇಳಬೇಕಿತ್ತು. ಅಪರಿಚಿತರ ಹತ್ತಿರ ತಂದಿದ್ದರೆ ನಾನು ಅಲ್ಲೇ ನಿಂತುಬಿಡುತ್ತಿದ್ದೆ.

ಇನ್ಶೂರೆನ್ಸ್ ಕಂಪನಿಗೆ ಮೇಲ್ ಹಾಕಿ ವಿಷಯ ತಿಳಿಸಿದೆ. ಆರ್‌ಸಿಯಲ್ಲಿ ಹೊಸ ನಂಬರ್ ಬಂದ ಮೇಲೆ ಪಾಲಿಸಿಯಲ್ಲೂ ತಿದ್ದುತ್ತೇವೆ ಅಂತ ಬರಹದಲ್ಲೇ ಉತ್ತರ ಬಂತು. ಫೋನಿನಲ್ಲಿ ಹೇಳಿದರೆ ಸಾಲದು. 26ಕ್ಕೆ ಅನುಮತಿ ಕೈಗೆ ಸಿಕ್ಕಿತು.

ನವೆಂಬರ್ 29: ಇಳಿಸಿದ್ದು

ಅಂಗಳದಲ್ಲೇ ಕೆಲಸ. ಬ್ಯಾಟರಿಯ ನೆಗೆಟಿವ್ ತೆಗೆಯುವ ಮೊದಲು ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು ನಾಲ್ಕೈದು ಸಲ ಸೆಲ್ಫ್ ಹೊಡೆದೆವು. ಪೈಪಿನ ಒತ್ತಡ ಇಳಿಯಲಿ ಅಂತ. ಆಮೇಲೆ ನೆಗೆಟಿವ್ ತೆಗೆದೆವು. ಸೀಟು, ಇಂಜಿನ್ ಮುಚ್ಚಳ, ವೈರಿಂಗ್ ಕಪ್ಲರ್‌ಗಳು, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಸೈಲೆನ್ಸರ್ ಪೈಪು, ಪ್ರೊಪೆಲ್ಲರ್ ಶಾಫ್ಟ್. ಪ್ರತಿ ಕಪ್ಲರ್‌ಗೂ ಬಿಳಿ ಟೇಪಿನಲ್ಲಿ ನಂಬರ್ ಬರೆದು, ಬಿಚ್ಚುವ ಮೊದಲು ಫೋಟೋ. 23 ಟೇಪು ಆಯಿತು. ಕೂರಿಸುವಾಗ ಒಂದೂ ಅದಲುಬದಲಾಗಲಿಲ್ಲ.

ಓಮ್ನಿ ಇಂಜಿನ್ ಕೆಳಗಿನಿಂದ ಇಳಿಸಬೇಕು. ಬಾಡಿಯನ್ನು ಮೇಲೆತ್ತಿ ನಿಲ್ಲಿಸಬೇಕು. ನಾವು ಮನೆ ಕಟ್ಟುವಾಗ ಉಳಿದ ಚಿರೇಕಲ್ಲು ಎರಡೆರಡು ಪೇರಿಸಿ ಅದರ ಮೇಲೆ ನಿಲ್ಲಿಸಿದೆವು. ನಮ್ಮ ಕಡೆ ಎಲ್ಲರೂ ಹೀಗೇ ಮಾಡುತ್ತಾರೆ. ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟ್ ಬಿಚ್ಚಿ ನಾನು ಗಾಡಿ ಅಡಿಯಿಂದ ಹೊರಗೆ ಬಂದೆ. ಚಹಾ ಕುಡಿಯಲು ಕೂತು ಐದು ನಿಮಿಷ ಆಗಿರಬಹುದು. ಟಪ್ ಅಂತ ಸದ್ದು. ಎಡಗಡೆಯ ಮೇಲಿನ ಕಲ್ಲು ನಡುವೆ ಸೀಳಿತ್ತು. ಗಾಡಿ ಒಂದು ಮೂಲೆಗೆ ಎರಡು ಇಂಚು ಕುಸಿದು, ಕೆಳಗಿಟ್ಟಿದ್ದ ಟ್ರಾಲಿ ಜಾಕಿನ ಮೇಲೆ ನಿಂತಿತ್ತು. ನನ್ನ ಎದೆ ಇದ್ದ ಜಾಗ ಅದು.

ಚಿರೇಕಲ್ಲಿನ ಗೋಡೆ ನೂರು ವರ್ಷ ನಿಲ್ಲುತ್ತದೆ, ಸರಿ. ಅಲ್ಲಿ ಭಾರ ಇಡೀ ಕಲ್ಲಿನ ಮೇಲೆ ಹರಡಿರುತ್ತದೆ. ಗಾಡಿಯಲ್ಲಿ ಎರಡು ಬೆರಳು ಅಗಲದ ಕಬ್ಬಿಣದ ಅಂಚು ಕಲ್ಲನ್ನು ಒತ್ತುತ್ತದೆ. ಕಲ್ಲಿನೊಳಗೆ ತೂತು, ಮಣ್ಣು ಇರುತ್ತವೆ. ಸೀಳುವ ಮೊದಲು ಸೂಚನೆಯನ್ನೂ ಕೊಡುವುದಿಲ್ಲ. ಅವತ್ತಿಗೆ ಕೆಲಸ ನಿಲ್ಲಿಸಿದೆವು. ಮರುದಿನ ಮೂರು ಟನ್ನಿನ ಜಾಕ್ ಸ್ಟ್ಯಾಂಡ್ ಒಂದು ಜೊತೆ ತರಿಸಿದೆ, 2,800 ರೂಪಾಯಿ. ಮೊದಲೇ ತರಬೇಕಿತ್ತು. ಜುಗ್ಗತನ ಮಾಡಿದ್ದು ಜೀವದ ವಿಷಯದಲ್ಲಿ.

ನವೆಂಬರ್ 30

ಸ್ಟ್ಯಾಂಡ್ ಬಂದ ಮೇಲೆ ಮಧ್ಯಾಹ್ನ ಇಂಜಿನ್ ಇಳಿಯಿತು. ಪೆಟ್ರೋಲ್ ಪೈಪಿನ ಬಾಯಿಂದ ಹನಿ ಬೀಳುತ್ತಿತ್ತು. ಯಾರೂ ಗಮನಿಸಲಿಲ್ಲ. ಪಕ್ಕದಲ್ಲೇ ಹಳೇ ಬಲ್ಬಿನ ಕೈದೀಪ ಉರಿಯುತ್ತಿತ್ತು. ವಾಸನೆ ಹಿಡಿದು ಮಗ ಪ್ಲಗ್ ಕಿತ್ತ. ಪೈಪಿನ ಬಾಯಿ ಕಟ್ಟಿ, ಮರಳು ಹಾಕಿ ಒರೆಸಿದೆವು. ಆಮೇಲೆ ಎಲ್‌ಇಡಿ ಟಾರ್ಚ್ ಮಾತ್ರ. ಬೆಂಕಿ ಆರಿಸುವ 2 ಕೆಜಿ ಸಿಲಿಂಡರ್‌ಗೆ 1,100 ಕೊಟ್ಟೆ, ಅದೂ ತಡವಾಗಿ.

ಹಳೇ ಕೂಲೆಂಟ್ ಬಕೆಟ್ಟಿನಲ್ಲಿ ಹಿಡಿದು ಮುಚ್ಚಿಟ್ಟೆ. ಅದು ಸಿಹಿ ಇರುತ್ತದೆ, ನಾಯಿ, ಕರು ಕುಡಿಯುತ್ತವೆ. ಕುಡಿದರೆ ಸಾಯುತ್ತವೆ.

ಡಿಸೆಂಬರ್ 1ರಿಂದ 3: ಕೂರಿಸಿದ್ದು

ಇಂಜಿನ್ ಹೊರಗಿದ್ದಾಗ ಬದಲಿಸಲು ಸುಲಭ ಅಂತ ಟೈಮಿಂಗ್ ಬೆಲ್ಟ್ ಮತ್ತು ಟೆನ್ಶನರ್, ವಾಟರ್ ಪಂಪ್, ಕ್ಲಚ್ ಸೆಟ್, ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್, ಎಲ್ಲ ಹೋಸ್‌ಗಳು ಹೊಸದು. ಸಿಲಿಂಡರ್‌ಗಳ ಹೊಗೆಯನ್ನು ಸೈಲೆನ್ಸರ್ ಪೈಪಿಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಮಾತ್ರ "ಚೆನ್ನಾಗಿದೆ, ಇದನ್ನೇ ಹಾಕುವಾ" ಅಂದರು. ನಾನೂ ಹೂಂ ಅಂದೆ. ಉಳಿಸಿದ್ದು ನೂರು ರೂಪಾಯಿ ಚಿಲ್ಲರೆ.

ಡಿಸೆಂಬರ್ 4: ತಲೆನೋವು

ಮೊದಲ ಸೆಲ್ಫಿಗೇ ಸ್ಟಾರ್ಟ್ ಆಯಿತು. ಎಲ್ಲರಿಗೂ ಸಂತೋಷ. ಸಾರ್ವಜನಿಕ ರಸ್ತೆಗೆ ತೆಗೆಯಲಿಲ್ಲ. ನಮ್ಮ ತೋಟದ ದಾರಿಯಲ್ಲೇ, ಪಂಪ್‌ಹೌಸ್‌ವರೆಗೆ ಹೋಗಿ ಬರುವುದು. ಆಯಿ ತಾನೂ ಬರುತ್ತೇನೆ ಅಂತ ಮುಂದಿನ ಸೀಟಿನಲ್ಲಿ ಕೂತಳು. ಬೆಳಗಿನ ಚಳಿ, ಗಾಜು ಏರಿಸಿದ್ದೆವು. ಸುಮಾರು ಇಪ್ಪತ್ತು ನಿಮಿಷ ಓಡಾಡಿದೆವು. "ತಲೆ ಸುತ್ತಿದ ಹಂಗಾಗ್ತು ತಮ್ಮಾ" ಅಂದಳು ಆಯಿ. ನನಗೂ ಹಣೆ ಸಿಡಿಯುತ್ತಿತ್ತು. ಅಷ್ಟೊತ್ತಿಗೆ ಬುದ್ಧಿ ಓಡಿತು. ಬಾಗಿಲು ತೆಗೆದು ಇಬ್ಬರೂ ಹೊರಗೆ ಬಂದು ಗಾಳಿಗೆ ಕೂತೆವು. ಅರ್ಧ ಗಂಟೆಯಲ್ಲಿ ಸರಿಯಾಯಿತು.

ಓಮ್ನಿಯಲ್ಲಿ ಇಂಜಿನ್ ಇರುವುದು ನಾವು ಕೂರುವ ಸೀಟಿನ ಕೆಳಗೇ. ಮ್ಯಾನಿಫೋಲ್ಡ್ ಲೀಕ್ ಆದರೆ ಹೊಗೆ ಮುಚ್ಚಳದ ಸಂದಿಯಿಂದ ನೇರ ಒಳಗೆ. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತ ಆಮ್ಲಜನಕ ಹೊರದಂತೆ ಮಾಡುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು, ಆಮೇಲೆ ಏಳುವುದೇ ಇಲ್ಲ. ಇದೇ ಗಾಡಿಯಲ್ಲಿ ಗಾಜು ಏರಿಸಿಕೊಂಡು ರಾತ್ರಿ ಹುಬ್ಬಳ್ಳಿಗೆ ಹೋಗಿದ್ದರೆ ಏನಾಗುತ್ತಿತ್ತು ಅಂತ ಈಗಲೂ ಯೋಚನೆ ಬರುತ್ತದೆ.

ಸೋಪಿನ ನೀರು ಚಿಮುಕಿಸಿ, ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ನೋಡಿದೆವು. ಎರಡನೇ ಪೋರ್ಟಿನ ಹತ್ತಿರ ಗುಳ್ಳೆ. ಲೀಕ್ ಎಲ್ಲಿ ಅಂತ ಗೊತ್ತಾಯಿತು, ಆದರೆ ಗ್ಯಾಸ್ಕೆಟ್ ಶಿರಸಿಯಲ್ಲಿ ಸಿಗದೆ ತರಿಸಬೇಕಾಯಿತು. ಬರುವವರೆಗೆ ಬೋಲ್ಟ್ ಬಿಗಿಮಾಡಿ ನೋಡೋಣ ಅಂತ ಬಿಗಿದೆವು. ಗುಳ್ಳೆ ನಿಂತಿತು.

ಡಿಸೆಂಬರ್ 8: ಎಮಿಷನ್ ಟೆಸ್ಟ್ ಫೇಲ್

ನಿಂತಿದ್ದು ತಣ್ಣಗಿರುವಾಗ ಮಾತ್ರ. ಗಾಜು ಪೂರ್ತಿ ಇಳಿಸಿ, ಒಬ್ಬನೇ ಹೊಗೆ ತಪಾಸಣೆಗೆ ಹೋದೆ. ಕಾರ್ಬನ್ ಮಾನಾಕ್ಸೈಡ್ 1.4 ಶೇಕಡಾ ಬಂತು. ನನ್ನ ಬಿಎಸ್ 3 (ಹೊಗೆಯ ಮಾನದಂಡ) ಗಾಡಿಗೆ ಮಿತಿ 0.5 ಶೇಕಡಾ, ಹೈಡ್ರೋಕಾರ್ಬನ್ 750 ಪಿಪಿಎಂ. ಲೀಕ್ ಆದ ಜಾಗದಿಂದ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ನೋಡಿ ಪೆಟ್ರೋಲ್ ಕಮ್ಮಿ ಅಂತ ತಿಳಿಯುತ್ತದೆ. ಇಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ಇನ್ನೂ ಪೆಟ್ರೋಲ್ ಸುರಿಯುತ್ತದೆ. ಸೆನ್ಸರ್ ಹಾಳು ಅಂತ ಬದಲಿಸಲು ಹೊರಟಿದ್ದರು, ನಾನು ಬೇಡ ಅಂದೆ.

ಮರುದಿನ ಗ್ಯಾಸ್ಕೆಟ್ ಬಂತು. ಹೊಸದು ಹಾಕಿ, ಇಂಜಿನ್ ಮುಚ್ಚಳದ ಸುತ್ತಲಿನ ರಬ್ಬರನ್ನೂ ಬದಲಿಸಿದೆವು. ಈಗ ಕಾರ್ಬನ್ ಮಾನಾಕ್ಸೈಡ್ 0.21, ಹೈಡ್ರೋಕಾರ್ಬನ್ 160. ಗಾಜು ಏರಿಸಿ ತೋಟದಲ್ಲಿ ಅರ್ಧ ಗಂಟೆ ಕೂತೆ, ಮಗನನ್ನು ಹೊರಗೆ ನಿಲ್ಲಿಸಿ. ತಲೆನೋವು ಇಲ್ಲ.

ಡಿಸೆಂಬರ್ 11ರಿಂದ 22

ಶಿರಸಿ ಆರ್‌ಟಿಓದಲ್ಲಿ ತಪಾಸಣೆ. ಅನುಮತಿ ಪತ್ರ, ರಸೀದಿ, ಅಂಕೋಲೆ ಗಾಡಿಯ ರದ್ದತಿ ಪತ್ರ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಒಂದೇ ಫೈಲಿನಲ್ಲಿ ಜೋಡಿಸಿದ್ದೆ. ಇನ್‌ಸ್ಪೆಕ್ಟರ್ ಚಾಸಿಸ್ ನಂಬರ್, ಇಂಜಿನ್ ನಂಬರ್ ಎರಡಕ್ಕೂ ಪೆನ್ಸಿಲ್ ಪ್ರಿಂಟ್ ತೆಗೆದರು. ಮನೆಯಲ್ಲೇ ನಂಬರ್ ಜಾಗದ ಎಣ್ಣೆ ತೊಳೆದಿದ್ದರಿಂದ ಹತ್ತು ನಿಮಿಷದಲ್ಲಿ ಮುಗಿಯಿತು. 22ಕ್ಕೆ ಹೊಸ ನಂಬರಿನ ಆರ್‌ಸಿ ಬಂತು. ಅವತ್ತೇ ಇನ್ಶೂರೆನ್ಸ್‌ಗೆ ಕಳಿಸಿದೆ, ನಾಲ್ಕು ದಿನದಲ್ಲಿ ಪಾಲಿಸಿಯಲ್ಲೂ ತಿದ್ದಿ ಕೊಟ್ಟರು.

ಖರ್ಚು

ಇಂಜಿನ್ 16,500. ಸಾಗಾಟ 2,500. ಹುಬ್ಬಳ್ಳಿಯಲ್ಲಿ ಕಳೆದದ್ದು 3,000. ಕ್ಲಚ್ ಸೆಟ್ 2,400. ಟೈಮಿಂಗ್ ಬೆಲ್ಟ್, ಟೆನ್ಶನರ್ 1,150. ವಾಟರ್ ಪಂಪ್ 1,250. ಗ್ಯಾಸ್ಕೆಟ್, ಸೀಲ್, ರಬ್ಬರ್ 880. ಹೋಸ್‌ಗಳು 950. ಆಯಿಲ್, ಕೂಲೆಂಟ್ 1,600. ಜಾಕ್ ಸ್ಟ್ಯಾಂಡ್ 2,800. ಬೆಂಕಿ ಸಿಲಿಂಡರ್ 1,100. ಮಜೂರಿ 7,000. ಶುಲ್ಕ, ಓಡಾಟ 1,900. ಒಟ್ಟು 43,030 ರೂಪಾಯಿ. ಬೋರಿಂಗ್‌ಗೆ ಹೇಳಿದ್ದು 32,000.

ಡಿಸೆಂಬರ್ 28

ಆರು ಚೀಲ ಅಡಿಕೆ ಹೇರಿಕೊಂಡು ಹೋಗಿ ಬಂದೆ. ಮುಳ್ಳು ನಡುವಿನಲ್ಲೇ ನಿಂತಿತ್ತು. ಉಳಿದಿರುವುದು ಹಳೇ ಇಂಜಿನ್. ಕೊಟ್ಟಿಗೆಯ ಮೂಲೆಯಲ್ಲಿದೆ. ಗುಜರಿಯವರು 2,200ಕ್ಕೆ ಕೇಳಿದರು, ರಸೀದಿ ಬರೆಯಲು ಒಪ್ಪಲಿಲ್ಲ. ಅದರ ಮೇಲಿನ ನಂಬರ್ ಹದಿಮೂರು ವರ್ಷ ನನ್ನ ಹೆಸರಿನಲ್ಲಿತ್ತು. ಹೆಸರು, ವಿಳಾಸ ಬರೆದು ಸಹಿ ಹಾಕಿ ಒಯ್ಯುವವರು ಬರುವವರೆಗೆ ಅದು ಅಲ್ಲೇ ಇರುತ್ತದೆ.